ತಾಂಡಾದ ನೆನಪು ಮತ್ತು ನಮ್ಮ ಲೇಖನಿ: ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಲಂಬಾಣಿ ಮೌಖಿಕ ಪರಂಪರೆಯ ಸಂಗ್ರಹವನ್ನು ಕುರಿತು ಒಂದು ವಿಮರ್ಶೆ

೧

ಭೀಮಾ ಮತ್ತು ಅಮರಜಾ ನದಿಗಳ ಎರೆನೆಲದ ಸೀಮೆಯಲ್ಲಿ, ಎಂದರೆ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳಲ್ಲಿ, ಊರುಗಳಿಂದ ತುಸು ದೂರಕ್ಕೆ ತಾಂಡಾಗಳೆಂಬ ವಸತಿಗಳು ಕಾಣಬರುತ್ತವೆ. ಅಲ್ಲಿ ನೆಲೆಸಿರುವವರನ್ನು ನಾವು ಲಂಬಾಣಿಗಳೆಂದೂ ಲಮಾಣಿಗಳೆಂದೂ ಬಂಜಾರರೆಂದೂ ಕರೆಯುತ್ತೇವೆ. ಅವರಾದರೋ ತಮ್ಮನ್ನು 'ಗೋರ್' ಎಂದು ಕರೆದುಕೊಂಡು, ತಮ್ಮವರಲ್ಲದ ನಮ್ಮೆಲ್ಲರನ್ನೂ 'ಕೋರ್' ಎಂಬ ಒಂದೇ ಮಾತಿನಲ್ಲಿ ಅಡಕಮಾಡುತ್ತಾರೆ. ಕನ್ನಡ, ಉರ್ದು, ಮರಾಠಿ, ತೆಲುಗುಗಳು ಒಂದರೊಡನೊಂದು ಬೆರೆತ ಈ ನಾಡಿನಲ್ಲಿ ರಾಜಸ್ಥಾನಿ ವರ್ಗಕ್ಕೆ ಸಮೀಪವಾದ ಅವರ ಮನೆಮಾತು ಹಲವು ತಲೆಮಾರುಗಳಿಂದ ಉಳಿದುಬಂದಿದೆ. ಸ್ವಂತ ಲಿಪಿಯಿಲ್ಲದ ಆ ನುಡಿಯಲ್ಲಿ ಒಂದು ವಲಸೆಯ ಜನಾಂಗದ ನೆನಪೆಲ್ಲವೂ ಅಡಗಿದೆ. ಆ ನೆನಪನ್ನು ಬರೆವಣಿಗೆಗೆ ಇಳಿಸಿದವರು ಹೇಗೆ ಇಳಿಸಿದರು, ಇಳಿಸುವಾಗ ಏನನ್ನು ಬಿಟ್ಟರು, ಮುಂದೆ ಈ ಕಾರ್ಯಕ್ಕೆ ಕೈಹಾಕತಕ್ಕವರು ಯಾವ ಎಚ್ಚರವನ್ನು ವಹಿಸಬೇಕು ಎಂಬ ಮೂರು ಪ್ರಶ್ನೆಗಳನ್ನು ಪ್ರಕೃತ ಲೇಖನದಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ.

ವಲಸೆ ಬಂದವರ ಪರಂಪರೆಯನ್ನು ಕಾಪಾಡುವುದೆಂದರೆ ಸಾಮಾನ್ಯವಾಗಿ ಅವರ ಉಡುಗೆತೊಡುಗೆಗಳನ್ನೂ ಕುಣಿತವನ್ನೂ ನೆನೆಯುವುದು ವಾಡಿಕೆಯಾಗಿದೆ. ಕಣ್ಣಿಗೆ ಕಾಣುವುದನ್ನು ಕಾಪಾಡುವುದು ಸುಲಭ. ಕಿವಿಗೆ ಕೇಳುವುದನ್ನು ಕಾಪಾಡುವುದು ಕಷ್ಟ. ಈ ಭೇದವನ್ನು ಗಮನದಲ್ಲಿಟ್ಟುಕೊಂಡು ಮುಂದುವರಿಯುವುದು ಯುಕ್ತ.

೨

ಮೊದಲು ಚಾರಿತ್ರಿಕ ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳಬೇಕು. ಲಂಬಾಣಿಗಳು ಹೇರೆತ್ತುಗಳ ಬೆನ್ನಮೇಲೆ ಉಪ್ಪು, ಧಾನ್ಯ ಮುಂತಾದವನ್ನು ಹೊರಿಸಿಕೊಂಡು ದೇಶದಿಂದ ದೇಶಕ್ಕೆ ಸಾಗುತ್ತಿದ್ದ ವ್ಯಾಪಾರಿಗಳು. 'ಲವಣ' ಶಬ್ದದಿಂದ ಲಮಾಣವನ್ನೂ, 'ವಣಿಜ' ಶಬ್ದದಿಂದ ಬಂಜಾರವನ್ನೂ ಸಾಧಿಸುವ ವ್ಯುತ್ಪತ್ತಿಗಳು ಪ್ರಚಾರದಲ್ಲಿವೆ. ಹದಿನೇಳನೆಯ ಶತಮಾನದಲ್ಲಿ ಮೊಗಲರ ಸೈನ್ಯಗಳು ದಖ್ಖನಿಗೆ ಇಳಿದಾಗ ಅವುಗಳಿಗೆ ಧಾನ್ಯವನ್ನು ಒದಗಿಸುತ್ತ ಇವರ ಅನೇಕ ತಂಡಗಳು ದಕ್ಷಿಣಕ್ಕೆ ಬಂದುವು. ೧೭೯೧-೯೨ರಲ್ಲಿ ಕಾರ್ನ್‌ವಾಲಿಸನ ಸೈನ್ಯವು ಶ್ರೀರಂಗಪಟ್ಟಣದ ಮೇಲೆ ಏರಿಹೋದಾಗಲೂ ಅದರ ಹೊಟ್ಟೆ ತುಂಬಿಸಿದುದು ಇವರ ಎತ್ತಿನ ಹಿಂಡುಗಳೇ.

ಈ ವೃತ್ತಿಗೆ ಕುತ್ತು ಬಂದುದು ಉಗಿಬಂಡಿಯಿಂದ. ಮುಂಬಯಿಯಿಂದ ಕಲಬುರಗಿ, ಶಹಾಬಾದ, ವಾಡಿಗಳ ಮೂಲಕ ಬಂದ ರೈಲುಮಾರ್ಗವು ಮದರಾಸಿನ ಕಡೆಯಿಂದ ಬಂದ ಮಾರ್ಗವನ್ನು ರಾಯಚೂರಿನಲ್ಲಿ ಕೂಡಿಕೊಂಡುದು ೧೮೭೧ರಲ್ಲಿ. ಬ್ರಿಟಿಷರ ಆಡಳಿತದಲ್ಲಿ ಅಪರಾಧಿ ಬುಡಕಟ್ಟುಗಳ ಶಾಸನ ಜಾರಿಗೆ ಬಂದುದೂ ಅದೇ ವರ್ಷ. ನಿಜಾಮರ ರಾಜ್ಯದ ವ್ಯವಸ್ಥೆ ಬೇರೆಯಾಗಿದ್ದರೂ, ಅಲೆಯುವವನೆಂದರೆ ಸಂದೇಹಾಸ್ಪದನೆಂಬ ಭಾವನೆಗೆ ರಾಜ್ಯದ ಗಡಿ ಅಡ್ಡವಾಗಲಿಲ್ಲ. ಆ ಶಾಸನ ರದ್ದಾದುದು ೧೯೫೨ರಲ್ಲಿ. ಒಂದೆಡೆ ಹೇರಿನ ವೃತ್ತಿ ಹೋಯಿತು. ಇನ್ನೊಂದೆಡೆ ಅಲೆದಾಟ ಅಪರಾಧವಾಯಿತು. ಹೀಗೆ ನಿಲ್ಲಲೇಬೇಕಾಗಿ ಬಂದ ತಂಡಗಳು ನಿಂತಲ್ಲಿಯೇ ತಾಂಡಾಗಳಾದುವು. ಚಲಿಸುವ ಗುಂಪಿಗೆ ಸಲ್ಲುತ್ತಿದ್ದ 'ತಾಂಡಾ' ಎಂಬ ಹೆಸರು ನಿಂತ ವಸತಿಗೂ ಅಂಟಿಕೊಂಡು ಉಳಿದುದರಲ್ಲಿ ಈ ಜನಾಂಗದ ಚರಿತ್ರೆಯೇ ಸಂಗ್ರಹವಾಗಿದೆಯೆನ್ನಬಹುದು.

೩

ಇನ್ನು ಲಿಖಿತ ದಾಖಲೆಗಳ ವಿಚಾರ. ಇವುಗಳಲ್ಲಿ ಹಳೆಯದಾದುದು ಹೈದರಾಬಾದಿನಲ್ಲಿ ಕೆಲಸಮಾಡಿದ ಜಾನ್ ಬ್ರಿಗ್ಸ್ ಎಂಬ ಸೈನ್ಯಾಧಿಕಾರಿಯ ಪ್ರಬಂಧ. ಅದು ಮುಂಬಯಿಯ ಸಾಹಿತ್ಯ ಸಂಘದ ವ್ಯವಹಾರ ಸಂಪುಟದಲ್ಲಿ ೧೮೧೯ರಲ್ಲಿ ಅಚ್ಚಾಯಿತು. ಅನಂತರ ಥರ್ಸ್ಟನ್ ಪಂಡಿತನ ೧೯೦೯ರ ಸಂಪುಟಗಳು, ರಸೆಲ್ ಮತ್ತು ಹೀರಾಲಾಲರ ೧೯೧೬ರ ಗ್ರಂಥ, ನಿಜಾಮರ ರಾಜ್ಯದ ಜಾತಿ ಬುಡಕಟ್ಟುಗಳನ್ನು ಕುರಿತು ಸೈಯದ್ ಸಿರಾಜ್ ಉಲ್ ಹಸನ್ ಅವರು ೧೯೨೦ರಲ್ಲಿ ಪ್ರಕಟಿಸಿದ ಗ್ರಂಥ, ಇವು ಬಂದುವು. ನಮ್ಮ ಮೂರು ತಾಲ್ಲೂಕುಗಳಿಗೆ ನೇರವಾಗಿ ಸಂಬಂಧಿಸಿದುದು ಈ ಕೊನೆಯದು. ಏಕೆಂದರೆ ಆ ಕಾಲದಲ್ಲಿ ಇಡೀ ಕಲಬುರಗಿ ಪ್ರಾಂತ ನಿಜಾಮರ ಆಳ್ವಿಕೆಗೆ ಒಳಪಟ್ಟಿದ್ದಿತು.

ಈ ಗ್ರಂಥಗಳ ಉಪಕಾರವನ್ನು ನಾವು ಮರೆಯತಕ್ಕದ್ದಲ್ಲ. ಒಳಪಂಗಡ, ಗೋತ್ರ, ಮದುವೆಯ ಕಟ್ಟಳೆ, ನಾಯಕ ಮತ್ತು ಕಾರಭಾರಿಗಳ ಅಧಿಕಾರ ಇವುಗಳ ವಿವರಗಳು ಇವಿಲ್ಲದಿದ್ದರೆ ನಮಗೆ ಇಷ್ಟು ಸುಲಭವಾಗಿ ದೊರೆಯುತ್ತಿರಲಿಲ್ಲ. ಆದರೆ ಇವುಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದರೆ ಒಂದು ಸಮಾನ ಲಕ್ಷಣ ಕಂಡುಬರುತ್ತದೆ. ಎಲ್ಲವೂ ಈ ಜನರನ್ನು ಇನ್ನೊಬ್ಬರ ಪ್ರಯೋಜನದ ಮೂಲಕ ನೋಡುತ್ತವೆ. ಸೈನ್ಯಾಧಿಕಾರಿಗೆ ಇವರು ಧಾನ್ಯ ತರುವವರು. ಆಡಳಿತಗಾರನಿಗೆ ಇವರು ಲೆಕ್ಕಕ್ಕೆ ಸಿಗದವರು. ಜಾತಿಕೋಶದ ಸಂಪಾದಕನಿಗೆ ಅಕಾರಾದಿಯಲ್ಲಿ ಒಂದು ಶೀರ್ಷಿಕೆ. ಇವರು ತಮ್ಮನ್ನು ತಾವು ಏನೆಂದು ನೆನೆಯುತ್ತಾರೆಂಬ ಪ್ರಶ್ನೆ ಯಾರಿಗೂ ಮುಖ್ಯವಾಗಲಿಲ್ಲ.

ಇದಕ್ಕೆ ಒಂದು ಉದಾಹರಣೆಯನ್ನು ಕೊಡಬಹುದು. ಮೊಗಲ ಸರದಾರನಾದ ಆಸಫ್ ಖಾನನು ಭಂಗಿ, ಝಂಗಿ ಎಂಬ ನಾಯಕರಿಗೆ ಚಿನ್ನದ ಅಕ್ಷರಗಳ ತಾಮ್ರಪಟವೊಂದನ್ನು ಕೊಟ್ಟು, ನೀರು ಹುಲ್ಲುಗಳ ವಿಷಯದಲ್ಲಿ ವಿಶೇಷ ಅಧಿಕಾರವನ್ನು ದಯಪಾಲಿಸಿದನೆಂಬ ಐತಿಹ್ಯ ಪ್ರಸಿದ್ಧವಾಗಿದೆ. ವರ್‍ಹಾಡ ಪ್ರಾಂತದಲ್ಲಿ ಅಧಿಕಾರಿಯಾಗಿದ್ದ ಕಂಬರ್‌ಲೆಜ್ ಬರೆದಿಟ್ಟ ಈ ಸಂಗತಿಯನ್ನು ರಸೆಲ್ ಮತ್ತು ಹೀರಾಲಾಲರು ಎತ್ತಿಕೊಂಡರು. ಅಲ್ಲಿಂದ ಅದು ಪುಸ್ತಕದಿಂದ ಪುಸ್ತಕಕ್ಕೆ ಸಾಗಿತು. ಸಾವಿರಾರು ಹಾಡುಗಳನ್ನುಳ್ಳ ಜನಾಂಗವೊಂದರಿಂದ ವಿದ್ವಾಂಸರು ಇಷ್ಟು ಆದರದಿಂದ ಎತ್ತಿಕೊಂಡುದು ಲೋಹದ ಮೇಲೆ ಬರೆದುದೆನ್ನಲಾದ ನಾಲ್ಕು ಸಾಲುಗಳನ್ನು! ಬಾಯಿಯ ಮಾತು ಕೂಡ ಶಾಸನದ ವೇಷ ತೊಟ್ಟುಬಂದಾಗ ಮಾತ್ರ ಪ್ರಮಾಣವೆನಿಸಿತೆಂಬುದನ್ನು ಇದು ತೋರಿಸುತ್ತದೆ.

ಭಾಷೆಯ ವಿಷಯದಲ್ಲಿಯೂ ಇಂಥದೇ ಒಂದು ಲೋಪ ಘಟಿಸಿದೆ. ಗ್ರಿಯರ್ಸನ್ ಮಹಾಶಯನ ಭಾರತೀಯ ಭಾಷಾ ಸರ್ವೇಕ್ಷಣದ ಒಂಬತ್ತನೆಯ ಸಂಪುಟದ ಮೂರನೆಯ ಭಾಗವು (೧೯೦೭) ಬಂಜಾರಿ ಅಥವಾ ಲಭಾನಿ ಭಾಷೆಯನ್ನು ವಿವರಿಸುತ್ತದೆ. ಆದರೆ ಆ ಸರ್ವೇಕ್ಷಣವು ಹೈದರಾಬಾದು, ಮೈಸೂರು ಸಂಸ್ಥಾನಗಳನ್ನೂ ಮದರಾಸು ಪ್ರಾಂತವನ್ನೂ ಒಳಗೊಂಡಿರಲಿಲ್ಲ. ಆದುದರಿಂದ ಈ ನುಡಿಯ ಜನರು ಬಹುಸಂಖ್ಯೆಯಲ್ಲಿ ನೆಲೆಸಿದ್ದ ದಖ್ಖನದ ನಡುಭಾಗವೇ ಆ ಮಹಾಗ್ರಂಥದಿಂದ ಹೊರಗುಳಿಯಿತು. ಇಂದಿನ ಸ್ಥಿತಿ ಬಹಳ ಉತ್ತಮವೆನ್ನುವಂತಿಲ್ಲ. ೨೦೧೧ರ ಜನಗಣತಿಯಲ್ಲಿ ಲಮಾಣಿ ಅಥವಾ ಲಂಬಾಡಿಯೇ ತಮ್ಮ ಮಾತೃಭಾಷೆಯೆಂದು ಹೇಳಿದವರು ದೇಶದಲ್ಲಿ ೩೨ ಲಕ್ಷಕ್ಕೂ ಮಿಕ್ಕಿದ್ದಾರೆ. ಆದರೆ ಭಾಷೆಗಳ ಪಟ್ಟಿಯಲ್ಲಿ ಆ ಸಂಖ್ಯೆ ಹಿಂದಿಯ ಅಡಿಯಲ್ಲಿ ಸೇರಿಹೋಗಿದೆ. ತಾಂಡಾದ ಅಜ್ಜಿಯೊಬ್ಬಳು ಆಡುವ ಮಾತು ಅವಳಿಗೆ ತಿಳಿಯದಂತೆಯೇ ಇನ್ನೊಂದು ಭಾಷೆಯ ಲೆಕ್ಕಕ್ಕೆ ಜಮೆಯಾಗಿದೆ.

೪

ಹಾಗಾದರೆ ಈ ಜನರು ತಮ್ಮ ನೆನಪನ್ನು ಎಲ್ಲಿ ಇಟ್ಟುಕೊಂಡಿದ್ದಾರೆ? ನಮ್ಮ ವಿಚಾರದಲ್ಲಿ ಮುಖ್ಯವಾಗಿ ಮೂರು ಸ್ಥಾನಗಳನ್ನು ಗುರುತಿಸಬಹುದು.

ಮೊದಲನೆಯದು ವಂಶಾವಳಿ. ರಾಠೋಡ, ಪವಾರ, ಚವ್ಹಾಣ, ಜಾಧವ ಎಂಬ ಕುಲಗಳೂ ಅವುಗಳ ಒಳಗಿನ ಗೋತ್ರಗಳೂ ಭಾಟರ, ಢಾಡಿಗಳ ಬಾಯಲ್ಲಿ ತಲೆಮಾರಿನಿಂದ ತಲೆಮಾರಿಗೆ ಸಾಗಿಬಂದಿವೆ. ಮದುವೆಯ ಸಂಬಂಧವನ್ನು ನಿಶ್ಚಯಿಸುವಾಗ ಈ ಜ್ಞಾನ ಅನಿವಾರ್ಯವಾದುದರಿಂದ ಅದು ಕೇವಲ ಅಲಂಕಾರದ ವಿದ್ಯೆಯಾಗದೆ ಬದುಕಿನ ಉಪಕರಣವಾಗಿ ಉಳಿದಿದೆ.

ಎರಡನೆಯದು ಸಂತ ಸೇವಾಲಾಲರ ಸ್ಮೃತಿ. ಸಂಪ್ರದಾಯದ ಪ್ರಕಾರ ಅವರು ೧೭೩೯ರಲ್ಲಿ, ಈಗಿನ ದಾವಣಗೆರೆ ಜಿಲ್ಲೆಯ ನ್ಯಾಮತಿ ತಾಲ್ಲೂಕಿಗೆ ಸೇರಿದ ಸೂರಗೊಂಡನಕೊಪ್ಪದಲ್ಲಿ ಜನಿಸಿದರು. ಅವರ ಪರಂಪರೆಯ ಇನ್ನೊಂದು ಪುಣ್ಯಕ್ಷೇತ್ರವಾದ ಪೋಹರಾದೇವಿ ಮಹಾರಾಷ್ಟ್ರದ ವಾಶೀಮ ಜಿಲ್ಲೆಯಲ್ಲಿದೆ. ಈ ಎರಡು ಸ್ಥಳಗಳ ನಡುವೆ ಒಂದು ಗೆರೆಯನ್ನು ಎಳೆದರೆ ಅದು ಸರಿಸುಮಾರಾಗಿ ಕಲಬುರಗಿಯ ಸೀಮೆಯನ್ನು ಹಾದುಹೋಗುತ್ತದೆ. ವಿದ್ವಾಂಸರು ಲಂಬಾಣಿಗಳ ಮೂಲವನ್ನು ಅರಸುತ್ತ ರಾಜಸ್ಥಾನದ ಕಡೆಗೆ ಮುಖಮಾಡುತ್ತಾರೆ. ಭಕ್ತರಾದರೋ ದಖ್ಖನದೊಳಗೇ ದಕ್ಷಿಣೋತ್ತರವಾಗಿ ನಡೆಯುತ್ತಾರೆ. ಬಂದ ಊರನ್ನಷ್ಟೇ ಕೇಳಿ, ಬಾಳಿದ ದಾರಿಯನ್ನು ಕೇಳದ ಸಂಶೋಧನೆ ಅಪೂರ್ಣವೆಂಬುದಕ್ಕೆ ಬೇರೆ ನಿದರ್ಶನ ಬೇಡ.

ಮೂರನೆಯದೂ ನಮ್ಮ ದೃಷ್ಟಿಯಲ್ಲಿ ಅತ್ಯಂತ ಮುಖ್ಯವಾದುದೂ ಹೆಂಗಸರ ಹಾಡು. ಶ್ರಾವಣಮಾಸದಲ್ಲಿ ಮದುವೆಯಾಗದ ಹುಡುಗಿಯರು ಬುಟ್ಟಿಗಳಲ್ಲಿ ಗೋದಿಯ ಸಸಿಯನ್ನು ಬೆಳೆಸಿ ನೀರೆರೆಯುತ್ತ ಹಾಡುವ ತೀಜಿನ ಹಾಡುಗಳು, ದೀಪಾವಳಿಯ ಅಮಾವಾಸ್ಯೆಯಂದು ದೀಪ ಹಿಡಿದು ಮನೆಯಿಂದ ಮನೆಗೆ ಹೋಗಿ ಹೇಳುವ ಮೇರಾ, ಹೋಳಿಯಲ್ಲಿ ಗಂಡಸರೂ ಹೆಂಗಸರೂ ಕೂಡಿ ಹಾಡುವ ಲೇಂಗಿ, ಇವೆಲ್ಲ ವರ್ಷದ ಋತುಗಳೊಂದಿಗೆ ಹೆಣೆದುಕೊಂಡಿವೆ. ಇವುಗಳಲ್ಲಿ ವಿಶೇಷ ವಿಮರ್ಶೆಗೆ ಅರ್ಹವಾದುದು ಮದುವೆಯ ಕಾಲದ ಢಾವಲೋ.

ಕನ್ನಡದ ಹೆಣ್ಣೊಪ್ಪಿಸುವ ಹಾಡುಗಳನ್ನು ನಾವು ಬಲ್ಲೆವು. ಅವುಗಳಲ್ಲಿ ಸಾಮಾನ್ಯವಾಗಿ ತವರಿನ ಹೆಂಗಸರು ಹಾಡುತ್ತಾರೆ. ಮದುವಣಗಿತ್ತಿ ಕೇಳುತ್ತಾಳೆ, ಕಣ್ಣೊರೆಸಿಕೊಳ್ಳುತ್ತಾಳೆ. ಢಾವಲೋದಲ್ಲಿ ಹಾಡುವವಳು ಮದುವಣಗಿತ್ತಿಯೇ. ತಂದೆ, ತಾಯಿ, ಅಣ್ಣ, ಅತ್ತಿಗೆ, ಗೆಳತಿ, ಹೀಗೆ ಒಬ್ಬೊಬ್ಬರನ್ನೂ ತಬ್ಬಿಕೊಂಡು ಒಬ್ಬೊಬ್ಬರಿಗೂ ತಕ್ಕಂತೆ ಅವಳು ತನ್ನ ಅಗಲಿಕೆಯ ದುಃಖವನ್ನು ತೋಡಿಕೊಳ್ಳುತ್ತಾಳೆ. ಬೀಳ್ಕೊಡುಗೆಯ ಗಳಿಗೆಯಲ್ಲಿ ಎತ್ತಿನ ಬೆನ್ನಮೇಲೆ ನಿಂತು ತವರಿನ ಹವೇಲಿಯನ್ನು ಹರಸಿ ಹಾಡುವ ಸಂಪ್ರದಾಯವೂ ಉಂಟು. ಹೇರಿನ ವೃತ್ತಿ ನಿಂತು ಒಂದೂವರೆ ಶತಮಾನ ಕಳೆದಮೇಲೂ ಆ ಎತ್ತು ಮದುವೆಯ ಅಂಗಳದಲ್ಲಿ ಉಳಿದಿರುವುದು ಗಮನಾರ್ಹ. ಈ ಹಾಡಿಗೆ ಧಾಟಿ ನಿಶ್ಚಿತವಾದುದು, ಮಾತು ನಿಶ್ಚಿತವಾದುದಲ್ಲ. ಹುಡುಗಿಗೆ ಹಿರಿಯ ಹೆಂಗಸರು ಮದುವೆಗೆ ಮುಂಚೆ ಅಳುವ ಕ್ರಮವನ್ನು ಕಲಿಸುತ್ತಾರೆ. ಯಾರ ಮುಂದೆ ಏನೆಂದು ಅಳಬೇಕೆಂಬುದನ್ನು ಆಕೆಯೇ ಕಂಡುಕೊಳ್ಳಬೇಕು. ಆದುದರಿಂದ ಢಾವಲೋವನ್ನು ಒಂದು ಪದ್ಯವೆಂದು ತಿಳಿಯುವುದಕ್ಕಿಂತ ಪದ್ಯವನ್ನು ಕಟ್ಟುವ ಒಂದು ಶಿಕ್ಷಣವೆಂದು ತಿಳಿಯುವುದು ಹೆಚ್ಚು ಸಮಂಜಸ. ಎಲ್ಲಿಯೂ ನಿಲ್ಲದ ಜನಾಂಗವೊಂದು ಅಗಲಿಕೆಯನ್ನೇ ಒಂದು ವಿದ್ಯೆಯನ್ನಾಗಿ ಮಾಡಿ ಹೆಣ್ಣುಮಕ್ಕಳ ಕೈಗೆ ಕೊಟ್ಟಿದೆ.

೫

ಇಂಥ ರಚನೆಯನ್ನು ಅಚ್ಚಿಗೆ ಇಳಿಸುವಾಗ ಸಂಗ್ರಾಹಕರು ಅನುಸರಿಸುತ್ತ ಬಂದಿರುವ ಕ್ರಮದಲ್ಲಿ ಮೂರು ದೋಷಗಳನ್ನು ನಾವು ಕಾಣುತ್ತೇವೆ. ಇವು ವಿಶ್ವವಿದ್ಯಾನಿಲಯದ ಆವರಣದಲ್ಲಿ ಕುಳಿತಿರುವ ನಮ್ಮ ದೋಷಗಳೂ ಆಗಿರುವುದರಿಂದ ಯಾರೊಬ್ಬರ ಹೆಸರನ್ನೂ ಎತ್ತದೆ ಹೇಳುತ್ತೇವೆ.

ಒಂದನೆಯದು ಲಿಪಿಯ ದೋಷ. ಕನ್ನಡ ಲಿಪಿ ಈ ನುಡಿಗೆ ಬಹುಮಟ್ಟಿಗೆ ಒಗ್ಗುತ್ತದೆ. ಮಹಾಪ್ರಾಣಗಳೂ ಮೂರ್ಧನ್ಯಗಳೂ ಅದರಲ್ಲಿವೆ. ಆದರೆ ಮೂಗಿನಿಂದ ಉಚ್ಚರಿಸುವ ಸ್ವರಗಳನ್ನು ಸೊನ್ನೆಯಿಂದ ಬರೆದಾಗ ಕನ್ನಡದ ಓದುಗನು ಅಲ್ಲಿ ಒಂದು ಅನುನಾಸಿಕ ವ್ಯಂಜನವನ್ನೇ ಓದುತ್ತಾನೆ. ವ್ಯಂಜನದಲ್ಲಿ ಮುಗಿಯುವ ಶಬ್ದಗಳಿಗೆ ನಮ್ಮ ನಾಲಗೆ ಅರಿವಿಲ್ಲದೆಯೇ ಒಂದು ಉಕಾರವನ್ನು ಸೇರಿಸುತ್ತದೆ. ಇದರಿಂದ ಹಾಡಿನ ಮಾತ್ರೆ ಕೆಡುತ್ತದೆ, ಪ್ರಾಸವಿದ್ದಲ್ಲಿ ಕಾಣದಾಗುತ್ತದೆ. ಒಂದು ಸಣ್ಣ ಲಿಪಿಸೂಚಿಯನ್ನು ಗ್ರಂಥದ ಆರಂಭದಲ್ಲಿ ಕೊಟ್ಟರೆ ಈ ತೊಂದರೆ ನಿವಾರಣೆಯಾಗುವಂತಹದು. ಅದನ್ನು ಕೊಡುವ ಪದ್ಧತಿ ನಮ್ಮಲ್ಲಿ ಇನ್ನೂ ನೆಲೆಗೊಂಡಿಲ್ಲ.

ಎರಡನೆಯದು ಪಾಠದ ದೋಷ. ಗ್ರಂಥಸಂಪಾದನೆಯಲ್ಲಿ ನುರಿತ ನಾವು ಹಲವು ಪಾಠಗಳನ್ನು ಹೋಲಿಸಿ ಒಂದು ಶುದ್ಧಪಾಠವನ್ನು ನಿರ್ಣಯಿಸುವುದಕ್ಕೆ ಒಗ್ಗಿಹೋಗಿದ್ದೇವೆ. ಹಸ್ತಪ್ರತಿಗಳ ವಿಷಯದಲ್ಲಿ ಈ ಕ್ರಮ ಶ್ಲಾಘ್ಯವಾದುದು. ಢಾವಲೋಗೆ ಮೂಲಪಾಠವೇ ಇಲ್ಲ. ಐದು ತಾಂಡಾಗಳ ಐದು ಅಳುಗಳನ್ನು ಕಲೆಸಿ ಒಂದು ಸುಂದರ ಗೀತೆಯನ್ನು ಸಿದ್ಧಪಡಿಸಿದರೆ ಅದು ಯಾವ ಹುಡುಗಿಯೂ ಯಾವ ತಂದೆಯ ಮುಂದೆಯೂ ಅಳದ ಹಾಡಾಗುತ್ತದೆ.

ಮೂರನೆಯದು, ಇವೆಲ್ಲಕ್ಕಿಂತ ದೊಡ್ಡದು, ಹೆಸರಿನ ದೋಷ. ಜಾನಪದಕ್ಕೆ ಕರ್ತೃವಿಲ್ಲವೆಂಬ ಸಿದ್ಧಾಂತವನ್ನು ಮುಂದಿಟ್ಟು ಹಾಡಿದವಳ ಹೆಸರನ್ನೂ ತಾಂಡಾದ ಹೆಸರನ್ನೂ ಬಿಟ್ಟುಬಿಡುವುದು ರೂಢಿಯಾಯಿತು. ಪೀಠಿಕೆಯಲ್ಲಿ ಸಂಗ್ರಾಹಕನ ಹೆಸರು, ಮುನ್ನುಡಿಯ ವಿದ್ವಾಂಸನ ಹೆಸರು, ಅಚ್ಚುಕೂಟದ ಹೆಸರು ಎಲ್ಲವೂ ಇರುತ್ತವೆ; ಹಾಡಿಗೆ ಮಾತ್ರ ಯಾರೂ ದಿಕ್ಕಿಲ್ಲ. ತನ್ನ ಮಾತನ್ನು ತಾನೇ ಕಟ್ಟಿದ ಹುಡುಗಿಯನ್ನು 'ಜನಪದ' ಎಂಬ ಸಮೂಹವಾಚಕದೊಳಗೆ ಕರಗಿಸುವುದು ವಿಮರ್ಶಾದೃಷ್ಟಿಯಿಂದಲೂ ಧರ್ಮದೃಷ್ಟಿಯಿಂದಲೂ ಒಪ್ಪತಕ್ಕ ಮಾತಲ್ಲ.

ಇಲ್ಲಿ ಒಂದು ಸಂಗತಿಯನ್ನು ಪ್ರಾಸಂಗಿಕವಾಗಿ ನೆನೆಯಬೇಕು. ಅಫಜಲಪುರಕ್ಕೆ ನೆರೆಯಾದ ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ೧೯೩೧ರಲ್ಲಿ 'ಗರತಿಯ ಹಾಡು' ಎಂಬ ಸಂಕಲನವನ್ನು ಪ್ರಕಟಿಸಿ ಕನ್ನಡ ಹೆಂಗಸಿನ ಬಾಯಿಮಾತಿಗೆ ಸಾಹಿತ್ಯದ ಮನ್ನಣೆಯನ್ನು ದೊರಕಿಸಿದರು. ಅದೇ ಭೀಮೆಯ ಸೀಮೆಯಲ್ಲಿ, ಅದೇ ಎರೆಹೊಲಗಳಲ್ಲಿ ಜೋಳ ತೊಗರಿಗಳ ನಡುವೆ ಬಾಗಿ ದುಡಿಯುತ್ತಿದ್ದ ಲಂಬಾಣಿ ಹೆಂಗಸಿನ ಹಾಡು ಕನ್ನಡವಲ್ಲವೆಂಬ ಕಾರಣದಿಂದ ನಮ್ಮ ಸಾಹಿತ್ಯದ ಕಿವಿಗೆ ಬೀಳಲಿಲ್ಲ. ಅನಂತರದ ಕಾಲದಲ್ಲಿ ಆ ಸಮುದಾಯದಲ್ಲಿಯೇ ಹುಟ್ಟಿದ ಲೇಖಕರೂ ಸಂಶೋಧಕರೂ ಈ ಕೊರತೆಯನ್ನು ತುಂಬಲು ಶ್ರಮಿಸಿದ್ದಾರೆ. ಕಥೆ ಕವಿತೆಗಳಲ್ಲಿ ಬಿ. ಟಿ. ಲಲಿತಾ ನಾಯಕರು ಕನ್ನಡ ಓದುಗರಿಗೆ ಸುಪರಿಚಿತರು. ಆದರೂ ಕೆಲಸದ ಪ್ರಮಾಣವನ್ನು ನೋಡಿದರೆ ಆದುದು ಸ್ವಲ್ಪ, ಆಗಬೇಕಾದುದು ಬಹಳ.

೬

ಈಚಿನ ವರ್ಷಗಳಲ್ಲಿ ಲಂಬಾಣಿಗಳ ಪರಂಪರೆಗೆ ಸಾರ್ವಜನಿಕ ಗೌರವ ದೊರೆಯುತ್ತಿರುವುದು ಸಂತೋಷದ ವಿಷಯ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ ಮನ್ನಣೆ ಬಂದಿದೆ. ೨೦೨೩ರ ಜುಲೈಯಲ್ಲಿ ಹಂಪಿಯಲ್ಲಿ ೪೫೦ಕ್ಕೂ ಮಿಕ್ಕ ಹೆಂಗಸರ ಕೈಯಿಂದ ಮೂಡಿದ ೧,೭೫೫ ಕಸೂತಿ ವಸ್ತುಗಳ ಪ್ರದರ್ಶನವು ಗಿನ್ನೆಸ್ ದಾಖಲೆಗೆ ಸೇರಿತು. ಅದೇ ವರ್ಷದ ಜನವರಿ ೧೯ರಂದು ನಮ್ಮ ಜಿಲ್ಲೆಯ ಮಳಖೇಡದಲ್ಲಿ, ಕಂದಾಯ ಗ್ರಾಮಗಳೆಂದು ಹೊಸದಾಗಿ ಘೋಷಿತವಾದ ವಸತಿಗಳ ೫೦ ಸಾವಿರಕ್ಕೂ ಹೆಚ್ಚು ನಿವಾಸಿಗಳಿಗೆ ಹಕ್ಕುಪತ್ರಗಳನ್ನು ವಿತರಿಸಲಾಯಿತು. ಅವರಲ್ಲಿ ಬಹುಮಂದಿ ತಾಂಡಾದವರು. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟದ ನೆಲದಲ್ಲಿ ತಾಂಡಾದ ಮನೆಗೆ ಮೊದಲ ಬಾರಿಗೆ ಒಂದು ಲಿಖಿತ ಆಧಾರ ದೊರಕಿತೆಂಬುದು ಅಲ್ಪ ಸಂಗತಿಯಲ್ಲ.

ಆದರೆ ಇಲ್ಲಿ ಒಂದು ಎಚ್ಚರ ಅಗತ್ಯ. ಕಾಗದಕ್ಕೆ ಬಂದ ತಾಂಡಾ ಒಂದು ಗ್ರಾಮದ ಹೆಸರನ್ನು ಪಡೆಯುತ್ತದೆ. ಆ ಸ್ಥಳವನ್ನು ಜನರು ಈವರೆಗೆ ಯಾವ ಯಾವ ಹೆಸರುಗಳಿಂದ ಕರೆಯುತ್ತಿದ್ದರು, ಯಾವ ನಾಯಕನ ಕಾಲದಲ್ಲಿ ಎಲ್ಲಿಂದ ಬಂದು ನಿಂತರು ಎಂಬುದನ್ನು ಅದೇ ಗಳಿಗೆಯಲ್ಲಿ ಬರೆದುಕೊಳ್ಳದಿದ್ದರೆ ಹಕ್ಕುಪತ್ರದ ಹಿಂದೆ ನೆನಪು ಮುಚ್ಚಿಹೋಗುತ್ತದೆ. ಇದಲ್ಲದೆ, ಒಂದೇ ಬಂಧುವರ್ಗವು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ ಎಂದು ಮೂರು ಪಟ್ಟಿಗಳಲ್ಲಿ ಹಂಚಿಹೋಗಿದೆ. ಆಳಂದ, ಅಫಜಲಪುರಗಳಾದರೋ ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡಿರುವ ತಾಲ್ಲೂಕುಗಳು. ರಾಜ್ಯದ ಎಲ್ಲೆಗೆ ಬಂದು ನಿಲ್ಲುವ ಸಂಶೋಧನೆಗೆ ಗಡಿಯಾಚೆ ಮದುವೆಯಾಗಿ ಹೋದ ಮಗಳ ಹಾಡು ಸಿಗುವುದಿಲ್ಲ.

ಇನ್ನೂ ಗಂಭೀರವಾದುದು ಈಗಿನ ವಲಸೆ. ಮಳೆಯನ್ನೇ ನಂಬಿದ ಹೊಲ ಕೈಕೊಟ್ಟಾಗ ಇಲ್ಲಿಯ ತಾಂಡಾಗಳ ಕುಟುಂಬಗಳು ಮುಂಬಯಿ, ಪುಣೆ, ಹೈದರಾಬಾದುಗಳಿಗೂ ಮಹಾರಾಷ್ಟ್ರದ ಕಬ್ಬಿನ ಗದ್ದೆಗಳಿಗೂ ದುಡಿಯಲು ಹೋಗುತ್ತವೆ. ತಾಂಡಾದಲ್ಲಿ ಮುದುಕರೂ ಸಣ್ಣ ಮಕ್ಕಳೂ ಉಳಿಯುತ್ತಾರೆ. ಕಲಿಸತಕ್ಕವಳು ಇಲ್ಲಿ, ಕಲಿಯತಕ್ಕವಳು ಅಲ್ಲಿ, ಎಂಬಂತಾದಾಗ ಢಾವಲೋದಂತಹ ವಿದ್ಯೆ ಒಂದೇ ತಲೆಮಾರಿನಲ್ಲಿ ಕಡಿದುಹೋಗಬಲ್ಲದು. ಪೇಟಿಯಾ ಕಾಂಚಳಿಗಳನ್ನು ಪೆಟ್ಟಿಗೆಯಲ್ಲಿಟ್ಟು ಕಾಪಾಡಬಹುದು. ಅಳುವನ್ನು ಯಾವ ಪೆಟ್ಟಿಗೆಯಲ್ಲಿಡುವುದು?

೭

ಈ ಪ್ರಶ್ನೆಗೆ ಉತ್ತರವನ್ನು ಹುಡುಕುವಾಗ ಐರ್ಲೆಂಡ್ ದೇಶದ ಒಂದು ಪ್ರಯತ್ನವು ಗಮನಕ್ಕೆ ಬರುತ್ತದೆ. ಹತ್ತೊಂಬತ್ತನೆಯ ಶತಮಾನದ ನಡುವಿನ ಮಹಾಕ್ಷಾಮದ ತರುವಾಯ ಆ ದೇಶದ ಲಕ್ಷಾಂತರ ಜನರು ಅಮೆರಿಕಕ್ಕೆ ವಲಸೆಹೋದರು. ಹೊರಡುವವನ ಮನೆಯಲ್ಲಿ ಹಿಂದಿನ ರಾತ್ರಿ, ಸತ್ತವನಿಗಾಗಿ ಜಾಗರಣೆ ಮಾಡುವಂತೆಯೇ, ನೆರೆಹೊರೆಯವರು ಕೂಡಿ ಹಾಡಿ ಅತ್ತು ಬೀಳ್ಕೊಡುತ್ತಿದ್ದರು. ಅಗಲಿಕೆಗೆ ಹಾಡಿನ ರೂಪವನ್ನು ಕೊಟ್ಟವರು ಲಂಬಾಣಿಗಳಷ್ಟೇ ಅಲ್ಲವೆಂಬುದು ಇದರಿಂದ ತಿಳಿಯುತ್ತದೆ. ಆ ದೇಶದಲ್ಲಿ ೧೯೩೫ರಲ್ಲಿ ಸ್ಥಾಪಿತವಾದ ಜಾನಪದ ಆಯೋಗವು ೧೯೩೭ರಿಂದ ೧೯೩೯ರವರೆಗೆ ಒಂದು ಯೋಜನೆಯನ್ನು ನಡೆಸಿತು. ಸುಮಾರು ೫,೦೦೦ ಪ್ರಾಥಮಿಕ ಶಾಲೆಗಳ ಮೇಲ್ತರಗತಿಯ ಮಕ್ಕಳು ತಮ್ಮ ಅಜ್ಜ ಅಜ್ಜಿಯರಿಂದ, ನೆರೆಯ ಮುದುಕರಿಂದ ಕಥೆ, ಹಾಡು, ಸ್ಥಳನಾಮ, ಮನೆಮದ್ದು ಮೊದಲಾದವನ್ನು ಕೇಳಿ ಬರೆದುಕೊಂಡು ಬಂದರು. ಬರಹಗಳೊಂದಿಗೆ ಹೇಳಿದವರ ಹೆಸರನ್ನೂ ಊರನ್ನೂ ದಾಖಲಿಸುವ ಕ್ರಮವಿತ್ತು. ಆ ನೋಟುಬುಕ್ಕುಗಳನ್ನು ಡಬ್ಲಿನ್ ನಗರದ ವಿಶ್ವವಿದ್ಯಾನಿಲಯದಲ್ಲಿ ಇಂದಿಗೂ ಕಾಪಾಡಲಾಗಿದೆ.

ಈ ಯೋಜನೆಗೂ ಮಿತಿಗಳಿದ್ದುವು. ದೊಡ್ಡ ನಗರಗಳ ಶಾಲೆಗಳು ಬಹುಮಟ್ಟಿಗೆ ಹೊರಗುಳಿದುವು. ಕಡಲಾಚೆ ಹೋದವರ ನೆನಪು ಸ್ವಾಭಾವಿಕವಾಗಿಯೇ ಅದರಲ್ಲಿ ಸೇರಲಿಲ್ಲ. ಊರಿನಲ್ಲಿ ಉಳಿದವರ ಸ್ಮೃತಿಯನ್ನು ಅದು ಕಾಪಾಡಿತು. ನಮ್ಮ ಸಂದರ್ಭದಲ್ಲಿ ಇಷ್ಟು ಸಾಲದು. ಕಬ್ಬಿನ ಗದ್ದೆಯ ಗುಡಿಸಲಿನಲ್ಲಿ ಹಾಡುವವಳನ್ನೂ ನಾವು ಹುಡುಕಿಕೊಂಡು ಹೋಗಬೇಕಾಗುತ್ತದೆ. ಆದರೂ ಅದರ ಮೂಲತತ್ತ್ವ ಅನುಕರಣೀಯವಾದುದು. ಸಂಗ್ರಾಹಕನು ಹೊರಗಿನಿಂದ ಬರಬೇಕಾಗಿಲ್ಲ. ಮನೆಯ ಮಗುವೇ ಸಂಗ್ರಾಹಕನಾಗಬಹುದು. ತಾಂಡಾಗಳ ಮಕ್ಕಳು ಇಂದು ಕನ್ನಡ ಶಾಲೆಗಳಲ್ಲಿ ಓದುತ್ತಿದ್ದಾರೆ. ಕನ್ನಡದ ಅಕ್ಷರ ಅವರಿಗೆ ಬರುತ್ತದೆ. ಅಜ್ಜಿಯ ನುಡಿ ಇನ್ನೂ ಮರೆತಿಲ್ಲ. ಈ ಎರಡೂ ಒಂದೇ ತಲೆಯಲ್ಲಿ ಕೂಡಿರುವ ಕಾಲ ಬಹುದೀರ್ಘವಾಗಿರಲಾರದು. ಒಂದು ನೋಟುಬುಕ್ಕು, ಒಂದು ಲಿಪಿಸೂಚಿ, ಹಾಡಿದವಳ ಒಪ್ಪಿಗೆ ಮತ್ತು ಹೆಸರು, ಧ್ವನಿಮುದ್ರಣದ ಒಂದು ಪ್ರತಿ ತಾಂಡಾದಲ್ಲಿಯೇ ಉಳಿಯುವ ಏರ್ಪಾಡು, ಇಷ್ಟನ್ನು ಒದಗಿಸುವುದು ಯಾವ ವಿಭಾಗಕ್ಕೂ ಅಸಾಧ್ಯವಲ್ಲ. ಕಲಬುರಗಿಯಲ್ಲಿ ೧೯೮೦ರಿಂದ ಒಂದು ವಿಶ್ವವಿದ್ಯಾನಿಲಯವಿದೆ. ೨೦೦೯ರಲ್ಲಿ ಸ್ಥಾಪಿತವಾದ ಕೇಂದ್ರೀಯ ವಿಶ್ವವಿದ್ಯಾಲಯದ ನೆಲೆ ಆಳಂದ ತಾಲ್ಲೂಕಿನ ಕಡಗಂಚ್ಚಿಯಲ್ಲಿಯೇ ಇದೆ. ತಾಂಡಾ ನಮಗೆ ದೂರವೆಂದು ಹೇಳುವ ಅವಕಾಶ ಉಳಿದಿಲ್ಲ.

ಒಟ್ಟಿನಲ್ಲಿ ಹೇಳುವುದಾದರೆ, ಈ ಜನರನ್ನು ಕುರಿತು ಇನ್ನೂರು ವರ್ಷಗಳಿಂದ ಬರೆಯಲಾಗಿದೆ. ಇವರು ಹೇಳಿದುದನ್ನು ಇವರು ಹೇಳಿದಂತೆ ಬರೆದುಕೊಂಡುದು ಕಡಿಮೆ. ಗೋರ್ ಮತ್ತು ಕೋರ್ ಎಂಬ ಭೇದವನ್ನು ತೊಡೆದುಹಾಕುವುದು ಸಂಶೋಧಕನ ಅಧಿಕಾರಕ್ಕೆ ಸೇರಿದುದಲ್ಲ. ತಾನು ಕೋರ್ ಎಂಬುದನ್ನು ನೆನಪಿನಲ್ಲಿಟ್ಟುಕೊಂಡು, ಅಂಗಳದ ಅಂಚಿನಲ್ಲಿ ಕುಳಿತು, ಕೇಳಿದಷ್ಟನ್ನು ಕೇಳಿದಂತೆ ಬರೆದು, ಕೆಳಗೆ ಹಾಡಿದವಳ ಹೆಸರನ್ನು ಬರೆಯುವುದು ಅವನಿಂದಾಗತಕ್ಕ ಕೆಲಸ. ಈ ದಿಕ್ಕಿನಲ್ಲಿ ವಿದ್ವಾಂಸರೂ, ಅವರಿಗಿಂತ ಹೆಚ್ಚಾಗಿ ತಾಂಡಾದ ವಿದ್ಯಾರ್ಥಿಗಳೂ ಗಮನಹರಿಸಿದರೆ ನಮ್ಮ ಈ ಅಲ್ಪಪ್ರಯತ್ನ ಸಾರ್ಥಕವೆಂದು ಭಾವಿಸುತ್ತೇವೆ.